ಅಕ್ಕೋರ ಮುಖ ನೋಡಿ ಕಲಿತದ್ದು

ನನ್ನ ಕಾಲು ಯಾವತ್ತೂ ತಪ್ಪಿದ್ದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಶಹಾಬಾದ್ ಕಲ್ಲಿನ ನೆಲದ ಮೇಲೆ ಹನ್ನೊಂದು ವರ್ಷ ತಟ್ಟಿದರೆ ಕತ್ತೆಯ ಕಾಲಿಗೂ ತಾಳ ಹತ್ತುತ್ತದೆ. ನನ್ನನ್ನು ಕೆಡವಿದ್ದು ಮುಖ.

ಪ್ರತಿ ಭಾನುವಾರ ಬೆಳಿಗ್ಗೆ ಚಿತ್ತಾಪುರದಲ್ಲಿ ಪ್ಯಾಸೆಂಜರ್ ರೈಲು ಹತ್ತಿ ವಾಡಿಗೆ ಹೋಗುತ್ತಿದ್ದೆ. ಮೂವತ್ತು ವರ್ಷಗಳ ಹಿಂದೆ ಮದುವೆಯಾಗಿ ಆ ಊರಿಗೆ ಬಂದಿದ್ದ ಒಬ್ಬರು ತಮ್ಮ ಮನೆಯ ಮುಂಗೋಣೆಯಲ್ಲಿ ಭರತನಾಟ್ಯ ಕಲಿಸುತ್ತಿದ್ದರು. ನಮ್ಮ ಕಡೆ ಟೀಚರಮ್ಮನನ್ನು ಅಕ್ಕೋರು ಎನ್ನುವುದು ರೂಢಿ, ನಾವೂ ಹಾಗೇ ಕರೆಯುತ್ತಿದ್ದೆವು. ಸೇಡಂ, ಚಿಂಚೋಳಿಯಿಂದಲೂ ಹುಡುಗಿಯರು ಬರುತ್ತಿದ್ದರು, ಏಕೆಂದರೆ ಸುತ್ತಮುತ್ತ ಬೇರೆ ಯಾರೂ ಇರಲಿಲ್ಲ. ಕಿಟಕಿ ಮುಚ್ಚಿದರೂ ಊರಿನ ಸಿಮೆಂಟ್ ಕಾರ್ಖಾನೆಯ ಧೂಳು ಒಳಗೆ ಬರುತ್ತಿತ್ತು. ಕ್ಲಾಸಿಗೆ ಮೊದಲು ನೆಲ ಒರೆಸುವ ಕೆಲಸ ನಮ್ಮದೇ.

ಆ ಕೋಣೆಯಲ್ಲಿ ಕನ್ನಡಿ ಇರಲಿಲ್ಲ. ಅಭಿನಯ ಹೇಳಿಕೊಡುವಾಗ ಅಕ್ಕೋರು ನಮ್ಮನ್ನು ಒಬ್ಬೊಬ್ಬರನ್ನಾಗಿ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂಡಿಸಿಕೊಳ್ಳುತ್ತಿದ್ದರು. ಕನ್ನಡಿ ನೋಡಿ ಕಲಿತವಳು ತನ್ನ ಚೆಂದಕ್ಕೇ ಮರುಳಾಗುತ್ತಾಳೆ, ಭಾವ ಅಲ್ಲೇ ಸಾಯುತ್ತದೆ ಎಂಬುದು ಅವರ ನಂಬಿಕೆ. ಅವರು ನಕ್ಕಂತೆ ನಗಬೇಕು, ಮುನಿದಂತೆ ಮುನಿಯಬೇಕು. ನಾನು ಭಾಳ ನಿಯತ್ತಿನ ಹುಡುಗಿ. ಅವರ ಮುಖವನ್ನು ಗೆರೆಗೆ ಗೆರೆ ಇಳಿಸಿಕೊಂಡೆ.

ಹತ್ತೊಂಬತ್ತನೆಯ ವಯಸ್ಸಿಗೆ ಕಲಬುರಗಿಯಲ್ಲಿ ಸೀನಿಯರ್ ಪರೀಕ್ಷೆ ಬಂತು. ಅಭಿನಯಕ್ಕೆ ಅಕ್ಕೋರೇ ಕಟ್ಟಿದ ಹಾಡು: ತಾಯಿಯೊಬ್ಬಳು ಹಟ ಮಾಡುವ ಮಗುವನ್ನು ಗದರಿಸಿ ಬಾಗಿಲ ಹೊರಗೆ ನಿಲ್ಲಿಸುತ್ತಾಳೆ, ಆಮೇಲೆ ಮುಟ್ಟಿ ನೋಡಿದರೆ ಮಗುವಿಗೆ ಮೈ ಸುಡುವ ಜ್ವರ. ಜೀವ ತೇಯ್ದು ಮಾಡಿದೆ. ಮುಗಿದ ಮೇಲೆ ವಯಸ್ಸಾದ ಪರೀಕ್ಷಕರು ನನ್ನನ್ನು ಹತ್ತಿರ ಕರೆದು, ಬೇರೆಯವರಿಗೆ ಕೇಳದಂತೆ ದನಿ ತಗ್ಗಿಸಿದರು.

"ತಂಗೀ, ಯಾವಾಗರೆ ಲಕ್ವಾ ಹೊಡದಿತ್ತೇನವಾ ನಿನಗ?"

ಇಲ್ಲ ಎಂದೆ. ಅವರಿಗೇ ನಾಚಿಕೆಯಾಯಿತು. ಎಡಗಡೆ ಏನೂ ಏಳುತ್ತಿಲ್ಲ, ಹುಬ್ಬೂ ಇಲ್ಲ, ತುಟಿಯೂ ಇಲ್ಲ, ಅದಕ್ಕೇ ಕೇಳಿದೆ ಎಂದರು. ಅಭಿನಯದಲ್ಲಿ ಫೇಲಾದೆ.

ರೈಲಿನಲ್ಲಿ ಕಿಟಕಿಗೆ ಮುಖ ಮಾಡಿ ಕುಳಿತು ಮೊಬೈಲಿನ ಕ್ಯಾಮೆರಾದಲ್ಲಿ ನಕ್ಕು ನೋಡಿಕೊಂಡೆ. ಬಲದ ತುಟಿ ಮೇಲೆ ಹೋಯಿತು, ಎಡದ್ದು ಬೀಗ ಹಾಕಿದ ಮನೆಯಂತೆ ಸುಮ್ಮನಿತ್ತು. ಆಮೇಲೆ ಸೇಡಂನಲ್ಲಿ ನಾವು ಮಾಡಿದ ಕಾರ್ಯಕ್ರಮದ ವಿಡಿಯೋ ತೆಗೆದೆ. ಏಳು ಹುಡುಗಿಯರು, ಏಳು ಬಲ ಹುಬ್ಬು. ಅಯ್ಯೋ ಶಿವನೇ ಅನಿಸಿತು. ನಾನು ಸೇರುವ ಮೊದಲೇ ಅಕ್ಕೋರಿಗೆ ಲಕ್ವಾ ಹೊಡೆದು ಮುಖದ ಬಲಗಡೆ ಬಿದ್ದುಹೋಗಿತ್ತು ಎಂಬ ಮಾತು ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಮಾತು ಸರಿಯಾಗಿತ್ತು, ಊಟ ಸರಿಯಾಗಿತ್ತು. ಹುಬ್ಬು ಮತ್ತು ತುಟಿಯ ಅಂಚು ಮಾತ್ರ ಏಳಲಿಲ್ಲ. ನಾವು ಎದುರು ಕುಳಿತು ಅವರ ಎಡವನ್ನು ನಮ್ಮ ಬಲಕ್ಕೆ ತಂದುಕೊಂಡಿದ್ದೆವು. ನಮ್ಮ ಪಾಲಿಗೆ ಸಂತೋಷ ಬರುವುದೇ ಒಂದು ಕಡೆಯಿಂದ.

ಮನೆಯಲ್ಲಿ ಅಪ್ಪ ಇನ್ನೊಂದು ಸಲ ಪರೀಕ್ಷೆ ಕಟ್ಟು, ಆಗಲೂ ಪಾಸಾಗದಿದ್ದರೆ ಗೆಜ್ಜೆ ಬಂದ್ ಎಂದರು. ಹೀಗಾಗಿದೆ ಅಪ್ಪಾ ಎಂದು ಶುರು ಮಾಡಿದೆ. "ಕುಣಿಲಿಕ್ಕ ಬರಲಾರದಾಕಿ ನೆಲಾ ಡೊಂಕು ಅಂದಳಂತ," ಎಂದು ಅವರು ಪೇಪರು ಬಿಡಿಸಿದರು. ಕಲಬುರಗಿಯಲ್ಲಿ ಬೇರೆ ಕ್ಲಾಸಿಗೆ ಸೇರುತ್ತೇನೆ ಎಂದದ್ದಕ್ಕೆ ಪೇಪರಿನ ಹಾಳೆ ತಿರುವಿದರು. ವಾಡಿಯನ್ನು ಬಿಟ್ಟರೆ ನನಗೆ ಕುಣಿತವೇ ಇಲ್ಲ.

ಸೋಮವಾರದಿಂದ ಶನಿವಾರದವರೆಗೆ ಬಚ್ಚಲುಮನೆಯ ಚಿಲಕ ಹಾಕಿಕೊಂಡು ಸಣ್ಣ ಕನ್ನಡಿಯೆದುರು ಎಡ ಹುಬ್ಬನ್ನು ಬೆರಳಿನಿಂದ ಎತ್ತುತ್ತಿದ್ದೆ. ಒಳಗೆ ಅದೇನು ಮಾಡುತ್ತೀಯೇ ಎಂದು ಅವ್ವ ಬಾಗಿಲು ಬಡಿಯುತ್ತಿದ್ದಳು. ಶನಿವಾರದ ಹೊತ್ತಿಗೆ ಆ ಕಡೆ ಚೂರು ಜೀವ ಬರುತ್ತಿತ್ತು. ಭಾನುವಾರ ಅಕ್ಕೋರು ಅದನ್ನು ನೋಡಿ, ಅತಿಯಾಯಿತು, ಅಭಿನಯದಲ್ಲಿ ಅರ್ಧ ನುಂಗಬೇಕು ಎನ್ನುತ್ತಿದ್ದರು. ವಾರವಿಡೀ ಎಬ್ಬಿಸಿದ್ದನ್ನು ಅಲ್ಲೇ ಮಲಗಿಸಿ ಬರುತ್ತಿದ್ದೆ. ಹೇಳಿದರೆ ಅವರ ಮುಖಕ್ಕೆ ಹೊಡೆದಂತೆ, ಹೇಳದಿದ್ದರೆ ನನ್ನ ಗೆಜ್ಜೆ ಗೂಟಕ್ಕೆ. ಅತ್ತ ದರಿ, ಇತ್ತ ಪುಲಿ.

ಸಿಟ್ಟು ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆ ಕೋಣೆ ಕಂಡರೆ ಆಗುತ್ತಿರಲಿಲ್ಲ, ಆ ರೈಲು ಕಂಡರೆ ಆಗುತ್ತಿರಲಿಲ್ಲ. ಒಂದು ಕನ್ನಡಿ ತೂಗುಹಾಕಿದ್ದರೆ ಈಕೆಯ ಗಂಟೇನು ಹೋಗುತ್ತಿತ್ತು ಎಂದು ದಾರಿಯುದ್ದಕ್ಕೂ ಬೈದುಕೊಂಡು ಹೋಗುತ್ತಿದ್ದೆ. ಬಾಗಿಲಲ್ಲಿ ಅವರು ನನ್ನ ಬಿರುಕುಬಿಟ್ಟ ಹಿಮ್ಮಡಿ ನೋಡಿ ಕೊಬ್ಬರಿ ಎಣ್ಣೆ ಬಿಸಿಮಾಡಿ ತರುತ್ತಿದ್ದರು. ಎಣ್ಣೆ ಹಚ್ಚಿಸಿಕೊಳ್ಳುತ್ತಾ ಮನಸ್ಸಿನಲ್ಲೇ ಬೈಯುವುದು ಎಂಥ ನರಕ, ಅನುಭವಿಸಿದವರಿಗೇ ಗೊತ್ತು.

ಎರಡನೆಯ ಪರೀಕ್ಷೆಗೆ ಒಂದು ತಿಂಗಳಿತ್ತು. ಆ ಭಾನುವಾರ ಹಾಡಿನಲ್ಲಿ ತಾಯಿ ಮಗುವಿನ ಹಣೆ ಮುಟ್ಟುವ ಜಾಗ ಬಂತು. ನನ್ನ ಎರಡೂ ಹುಬ್ಬು ಮೇಲೆ ಹೋದವು. ಅಕ್ಕೋರು ತಡೆದರು. ಮತ್ತೆ ಮಾಡಿದೆ, ಮತ್ತೆ ತಡೆದರು. ನಾಲ್ಕನೆಯ ಸಲಕ್ಕೆ ಅವರು ನನ್ನ ಗದ್ದ ಹಿಡಿದು, ನನ್ನನ್ನು ನೋಡು, ಹೀಗೆ, ಎಂದು ತಮ್ಮ ಎಡ ಹುಬ್ಬು ಎತ್ತಿ ತೋರಿಸಿದರು.

"ಅಕ್ಕೋರೆ, ನಿಮ್ಮ ಬಲಗಡಿ ಮುಖ ಏಳಂಗಿಲ್ರಿ," ಎಂದೆ.

ಗೆಜ್ಜೆ ಕಟ್ಟುತ್ತಿದ್ದ ಹುಡುಗಿಯರೆಲ್ಲ ಕೈ ನಿಲ್ಲಿಸಿದರು. ಅಕ್ಕೋರು ನನ್ನ ಗದ್ದ ಬಿಟ್ಟು ತಮ್ಮ ಕೆನ್ನೆಯನ್ನು ಬೆರಳಿನಿಂದ ಒತ್ತಿ ನೋಡಿಕೊಂಡರು, ಹಲ್ಲುನೋವು ಇದ್ದವರ ಹಾಗೆ. ಡಾಕ್ಟರು ಪೂರ್ತಿ ಗುಣವಾಯಿತು ಎಂದಿದ್ದರು, ಮನೆಯಲ್ಲೂ ಹಾಗೇ ಅನ್ನುತ್ತಾರೆ, ಆದರೂ ಆಗ ತೆಗೆದಿಟ್ಟ ಕನ್ನಡಿಯನ್ನು ಮತ್ತೆ ಹೊರಗೆ ತರಲಿಲ್ಲ ಎಂದು ನೆಲ ನೋಡುತ್ತಾ ಹೇಳಿದರು. ಆಮೇಲೆ ಕೇಳಿದರು:

"ಎಲ್ಲಾರಿಗೂ ಹಂಗೇ ಕಲಿಸೀನೇನು?"

ಸೇಡಂನ ವಿಡಿಯೋ ಹಚ್ಚಿ ಮೊಬೈಲನ್ನು ಅವರ ಕೈಗೆ ಕೊಟ್ಟೆ. ಪೂರ್ತಿ ನೋಡಿದರು. ಆ ದಿನ ಪಾಠ ಅಲ್ಲಿಗೇ ಮುಗಿಯಿತು.

ಮುಂದಿನ ಭಾನುವಾರ ಅವರು ನನಗೆ ಬೆನ್ನು ಮಾಡಿ ಕುಳಿತು ಹಾಡಿದರು. ನನ್ನನ್ನು ನೋಡಬೇಡ, ಜ್ವರದ ಮಗುವನ್ನು ಬಾಗಿಲ ಹೊರಗೆ ನಿಲ್ಲಿಸಿದವಳಿಗೆ ಏನಾಗುತ್ತದೋ ಅದನ್ನು ನೀನೇ ಹುಡುಕಿಕೋ ಎಂದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನೆದುರು ಯಾವ ಮುಖವೂ ಇರಲಿಲ್ಲ. ಭಯವಾಯಿತು. ಎರಡು ವಾರ ಏನೂ ಬರಲಿಲ್ಲ. ಮೂರನೆಯ ವಾರ ಆ ಬೆನ್ನನ್ನು ನೋಡುತ್ತಾ ನೋಡುತ್ತಾ, ಎಂಥ ಒಳ್ಳೆಯ ಮನುಷ್ಯಳಿಗೆ ಎಂಥ ಮಾತಾಡಿದೆ ಎಂದುಕೊಂಡೆ, ಅದೇ ಹೊತ್ತಿಗೆ ಹಾಡಿನಲ್ಲಿ ಹಣೆ ಮುಟ್ಟುವ ಜಾಗ ಬಂತು. ನನ್ನ ಮುಖ ಏನು ಮಾಡಿತೋ ನನಗೆ ಗೊತ್ತಿಲ್ಲ. ಹುಡುಗಿಯರು ಗೆಜ್ಜೆ ಬಿಟ್ಟು ನನ್ನನ್ನೇ ನೋಡುತ್ತಿದ್ದರು.

ಪಾಸಾದೆ. ಅದೇ ಪರೀಕ್ಷಕರು ಏನೂ ಕೇಳದೆ ತಲೆಯಾಡಿಸಿದರು. ರಿಸಲ್ಟ್ ಬಂದ ದಿನ ಮನೆಯಲ್ಲಿ ಹೇಳುವುದಕ್ಕೂ ಮೊದಲು ವಾಡಿಯ ರೈಲು ಹತ್ತಿದೆ. ಹೊಸದಾಗಿ ಸೇರಿದ ಪುಟ್ಟ ಹುಡುಗಿಯರ ಕ್ಲಾಸು ನಡೆದಿತ್ತು. ಬಾಗಿಲಲ್ಲೇ ನಿಂತು ಹೇಳಿದೆ.

ಅಕ್ಕೋರು ನಕ್ಕರು. ನಕ್ಕ ಕೂಡಲೇ ಕೈ ತಾನಾಗಿ ಮೇಲೆ ಹೋಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿತು. ಇಷ್ಟು ವರ್ಷ ನಮ್ಮೆದುರು ಹಾಯಾಗಿ ನಕ್ಕವರು. ನಾನು ಹತ್ತಿರ ಹೋಗಿ ಸೆರಗು ತೆಗೆಯಿರಿ ಎಂದೆ, ಕೈ ಹಿಡಿದು ಕೇಳಿಕೊಂಡೆ.

"ಇರಲಿ ಬಿಡವಾ," ಎಂದರು ಸೆರಗಿನ ಒಳಗಿನಿಂದಲೇ, "ಸಣ್ಣ ಹುಡುಗ್ಯಾರು ನೋಡ್ಲಿಕತ್ತಾರ."