ಸೂರ್ಯಕಾಂತಿ ಪರದೆಯ ಅಂಗಿ

ನಮ್ಮಕ್ಕನ ಹೊಲಿಗೆ ಅಂಗಡಿ ಇರುವುದು ಜೈಲಿನ ದೊಡ್ಡ ಗೇಟಿಗೆ ಎದುರಾಗಿ. ನಡುವೆ ಒಂದು ರಸ್ತೆ, ಅಷ್ಟೇ. ಅವಳು ಆ ಅಂಗಡಿ ಹಿಡಿದಾಗ ನೆಂಟರೆಲ್ಲ ಮೂಗು ಮುರಿದಿದ್ದರು. "ಬೇರೆ ಜಾಗ ಸಿಗಲಿಲ್ವೇನೇ? ಅಲ್ಲಿ ಯಾರು ಬಟ್ಟೆ ಹೊಲಿಸ್ತಾರೆ, ಕಳ್ಳರಾ?" ಎಂದು ನಮ್ಮ ಸೋದರತ್ತೆ ಕೇಳಿದ್ದಳು. ಈಗ ಅದೇ ಸೋದರತ್ತೆ ಹೋದಲ್ಲೆಲ್ಲ "ಗುಂಡಿ ಅಕ್ಕ ನಮ್ಮ ಹುಡುಗೀನೇ" ಎಂದು ಕೊಚ್ಚಿಕೊಳ್ಳುತ್ತಾಳೆ. ಕೊಚ್ಚಿಕೊಳ್ಳಲಿ ಬಿಡಿ. ಆದರೆ ಕೊಚ್ಚಿಕೊಳ್ಳುವ ಮೊದಲ ಹಕ್ಕು ನನ್ನದು. ಆ ಅಂಗಡಿಯ ಮೂಲೆಯಲ್ಲಿ ಇಸ್ತ್ರಿ ಹಾಕುತ್ತಾ ಅವಳ ಕೈಲಿ ದಿನಾ ಬೈಸಿಕೊಳ್ಳುವ ತಂಗಿ ನಾನು.

ಒಳಗಿರುವವರನ್ನು ನೋಡಲು ಬರುವವರಿಗೆ ಉಟ್ಟ ಬಟ್ಟೆಯೇ ದೊಡ್ಡ ಗಂಡಾಂತರ. ಕೈದಿಗಳದು ಬಿಳಿ, ಕಾವಲಿನವರದು ಖಾಕಿ. ಈ ಎರಡು ಬಣ್ಣದಲ್ಲಿ ಬಂದರೆ ಗೇಟಿನಿಂದಲೇ ವಾಪಸ್. ಹಿತ್ತಾಳೆ ಗುಂಡಿ, ಕಬ್ಬಿಣದ ಕೊಕ್ಕೆ ಯಾವುದೂ ಕೂಡದು. ಗೇಟಿನ ಪಕ್ಕ ಬೋರ್ಡು ಹಾಕಿದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ದೂರದಿಂದ ಬಂದು ಇಳಿದ ಮೇಲೆ ಬೋರ್ಡು ಓದಿ ಏನು ಭಾಗ್ಯ? ಅಂಗಡಿ ಇಟ್ಟ ಹೊಸದರಲ್ಲಿ ಒಬ್ಬಳು ಹೆಂಗಸು, ಗಂಡನಿಗೆ ಇಷ್ಟವೆಂದು ಹಿತ್ತಾಳೆ ಗುಂಡಿಯ ಕೋಟು ತೊಟ್ಟು ಬಂದು, ಒಳಗೆ ಬಿಡದೆ ಹೋದಾಗ ನಮ್ಮ ಮೆಟ್ಟಿಲ ಮೇಲೆ ಕೂತು ಗೊಳೋ ಎಂದು ಅತ್ತಳು. ಅಕ್ಕ ಏನೂ ಕೇಳಲಿಲ್ಲ. ಕೋಟು ಬಿಚ್ಚಿಸಿ, ಗುಂಡಿಗಳನ್ನೆಲ್ಲ ಕಿತ್ತು, ಬಟ್ಟೆ ಸುತ್ತಿದ ಗುಂಡಿ ಹಚ್ಚಿ, "ಕಣ್ಣು ಒರೆಸ್ಕೊಂಡು ಹೋಗು, ಅಳೋಕೆ ಅಲ್ಲಿ ಟೈಮ್ ಕೊಡಲ್ಲ" ಎಂದಳು. ಅವತ್ತಿನಿಂದ ಅವಳು ಎಲ್ಲರ ಬಾಯಲ್ಲೂ ಗುಂಡಿ ಅಕ್ಕ.

ಆಮೇಲೆ ಒಂದು ಟ್ರಂಕು ಬಂತು. ಅದರ ತುಂಬ ಬಣ್ಣದ ಅಂಗಿ, ಲಂಗ, ಶಾಲು. ಬಂದವರು ತೊಟ್ಟು ಹೋಗಿ, ವಾಪಸ್ ಬಂದು ಬಿಚ್ಚಿಟ್ಟು ಹೋಗುತ್ತಾರೆ. ಒಗೆಯುವವಳು ಯಾರು, ಇಸ್ತ್ರಿ ಮಾಡುವವಳು ಯಾರು ಎಂದು ನೀವು ಕೇಳಲಿಲ್ಲ, ನಾನೂ ಹೇಳುವುದಿಲ್ಲ.

ಬಟ್ಟೆಗಿಂತ ದೊಡ್ಡದು ಅವಳ ಇನ್ನೊಂದು ಪದ್ಧತಿ. ಗೇಟಿಗೆ ಹೋಗುವ ಯಾರನ್ನೂ ಅವಳು ಬರಿಗೈಲಿ ಕಳಿಸುವುದಿಲ್ಲ. ಒಂದು ಪ್ರಶ್ನೆ ಕೊಟ್ಟು ಕಳಿಸುತ್ತಾಳೆ. ಮನೆಯಲ್ಲಿ ಇನ್ನೂ ತೀರ್ಮಾನವಾಗದ ಸಣ್ಣ ವಿಷಯ ಯಾವುದಾದರೂ ಆದೀತು. ಬಾಗಿಲಿಗೆ ಯಾವ ಬಣ್ಣ ಹೊಡೆಸಲಿ, ಮಗಳ ಕೂದಲು ಕತ್ತರಿಸಲೋ ಬೇಡವೋ, ಹಳೇ ಸೈಕಲ್ ಮಾರಲೋ ಇಟ್ಟುಕೊಳ್ಳಲೋ. "ಹೇಗಿದ್ದೀಯ ಅಂತ ಕೇಳಿದ್ರೆ ಚೆನ್ನಾಗಿದ್ದೀನಿ ಅಂತಾರೆ, ಅಲ್ಲಿಗೆ ಮಾತು ಮುಗೀತು. ಮನೇಲಿ ಅವರ ಮಾತು ಇನ್ನೂ ನಡೆಯುತ್ತೆ ಅಂತ ಅವರಿಗೆ ಗೊತ್ತಾಗಬೇಕು ಕಣೇ," ಎಂದು ನನಗೆ ಹೇಳುತ್ತಿದ್ದಳು. ಹೇಳಿದ ಹಾಗೆ ನಡೆಯಲೂಬೇಕು. ನೀಲಿ ಎಂದು ಒಳಗಿನಿಂದ ಬಂದರೆ ಬಾಗಿಲು ನೀಲಿಯೇ ಆಗಬೇಕು.

ಒಂದು ದಿನ ಬೇಕರಿ ಯಜಮಾನರು ಬಂದರು. ಆಸಾಮಿ ಬಾಗಿಲಲ್ಲಿ ನಿಂತರೆ ಅಂಗಡಿಗೆ ಬೆಳಕೇ ಇಲ್ಲ, ಅಂಥ ಗಾತ್ರ. ಮೈಮೇಲೆ ಗರಿಗರಿ ಬಿಳಿ ಅಂಗಿ. ಗೇಟಿನ ಹವಾಲ್ದಾರ ಅದನ್ನು ನೋಡಿಯೇ ವಾಪಸ್ ಅಟ್ಟಿದ್ದ. ಪ್ಯಾಂಟು ಬೂದು ಬಣ್ಣದ್ದು, ಸದ್ಯ ಬಚಾವ್.

"ಹುಟ್ಟಿದಾಗಿಂದ ಹಿಟ್ಟಿನ ಕೆಲಸ, ತಾಯಿ. ನನ್ನ ಬೀರುವಿನಲ್ಲಿ ಬಿಳಿ ಬಿಟ್ಟು ಇನ್ನೊಂದು ಅಂಗಿ ಇಲ್ಲ," ಎಂದರು. ಆಮೇಲೆ ನೆಲ ನೋಡುತ್ತಾ ಉಳಿದದ್ದನ್ನು ಹೇಳಿದರು. ಮಗ ಗೆಳೆಯರ ಜೊತೆ ಸೇರಿ ಯಾರದೋ ಗೋದಾಮಿನ ಬೀಗ ಒಡೆದಿದ್ದ. ಅವನನ್ನು ಹಿಡಿದುಕೊಂಡು ಹೋದ ದಿನದಿಂದ ಇವರು ಅವನ ಮುಖ ನೋಡಿರಲಿಲ್ಲ. ನಾಳೆ ಬೆಳಗ್ಗೆ ಅವನನ್ನು ಎಲ್ಲೋ ದೂರದ ಜೈಲಿಗೆ ಸಾಗಿಸುತ್ತಾರಂತೆ.

"ಇದೊಂದೇ ಸಲ ನೋಡಿ ಬಂದುಬಿಡ್ತೀನಿ. ಆಮೇಲೆ ಅವನ ದಾರಿ ಅವನಿಗೆ, ನನ್ನ ದಾರಿ ನನಗೆ."

ಅಕ್ಕ ಟ್ರಂಕು ತೆರೆದಳು. ಇದ್ದ ಒಂದೇ ದೊಡ್ಡ ಅಂಗಿಯನ್ನು ಬೆಳಗ್ಗೆಯೇ ಯಾರೋ ತೊಟ್ಟು ಒಳಗೆ ಹೋಗಿದ್ದರು. ಮಿಕ್ಕವು ಯಜಮಾನರ ತೋಳಿಗೇ ಸಾಲವು. ಅವರ ಅಳತೆಯ ರೆಡಿಮೇಡ್ ಅಂಗಿ ಹತ್ತಿರದಲ್ಲೆಲ್ಲೂ ಸಿಗುವುದಿಲ್ಲ. ಕಪಾಟಿನಲ್ಲಿ ಬಟ್ಟೆಯೇನೋ ಇತ್ತು, ಎಲ್ಲ ಗಿರಾಕಿಗಳದ್ದು. ಅದಕ್ಕೆ ಅವಳು ಪ್ರಾಣ ಹೋದರೂ ಕತ್ತರಿ ಹಾಕುವವಳಲ್ಲ. ಮಧ್ಯಾಹ್ನಕ್ಕೆ ಭೇಟಿ ಬಂದ್. ಅವಳ ಕಣ್ಣು ಅಂಗಡಿಯೆಲ್ಲ ಸುತ್ತಿ, ಅಳತೆ ನೋಡುವ ಕೋಣೆಯ ಪರದೆಯ ಮೇಲೆ ನಿಂತಿತು.

"ಅಕ್ಕಾ, ಬೇಡ!" ಎಂದೆ. ಹಸಿರು ನೆಲದ ಮೇಲೆ ತಟ್ಟೆಯಗಲದ ಹಳದಿ ಸೂರ್ಯಕಾಂತಿ ಹೂಗಳಿದ್ದ ಪರದೆ. ಅಂಗಡಿ ಅಂಗಡಿ ಅಲೆದು ನಾನೇ ಆರಿಸಿ ತಂದದ್ದು.

"ಬಾಯಿ ಮುಚ್ಚಿಕೊಂಡು ಆ ತುದಿ ಹಿಡ್ಕೊಳೇ," ಎಂದಳು.

ಹಿಡಿದುಕೊಂಡೆ, ಇನ್ನೇನು ಮಾಡಲಿ! ಕತ್ತರಿ ಕರಕರ ಓಡಿತು. ಮೆಷಿನ್ ತುಳಿಯುತ್ತಲೇ ಅವಳು ಕೇಳಿದಳು, "ಯಜಮಾನ್ರೇ, ಮಗನಿಗೆ ಏನು ಪ್ರಶ್ನೆ ತಗೊಂಡು ಹೋಗ್ತಿದ್ದೀರಿ?" ಪದ್ಧತಿಯನ್ನೂ ಬಿಡಿಸಿ ಹೇಳಿದಳು.

ಯಜಮಾನರ ಮುಖ ಕೆಂಪಾಯಿತು. "ನನ್ನ ಮನೆ ವಿಷಯ ಅವನನ್ನ ಕೇಳೋದಾ? ಮಾನ ಕಳೆದವನನ್ನ? ನಾನು ಕೇಳೋದೂ ಇಲ್ಲ, ಅವನು ಹೇಳೋದೂ ಬೇಡ."

"ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತಾ, ಯಜಮಾನ್ರೇ? ನಾನು ಕತ್ತರಿ ಹಿಡಿಯೋಳು, ನನಗೆ ಗೊತ್ತು. ಬಟ್ಟೆ ಆದ್ರೆ ಹೊಲೀಬಹುದು."

ಅಷ್ಟರಲ್ಲಿ ಎದುರಿಗೆ ಹವಾಲ್ದಾರ ಗೇಟಿನ ಸಣ್ಣ ಬಾಗಿಲು ಹಾಕಲು ಏಳುವುದು ಕಂಡಿತು. ಅಕ್ಕ ಕಣ್ಣಲ್ಲೇ ಸನ್ನೆ ಮಾಡಿದಳು. ನಾನು ಇಸ್ತ್ರಿ ಆರಿಸಿ ರಸ್ತೆ ದಾಟಿ ಓಡಿದೆ. ಜಗಳ ಮಾಡುವ ಕೆಲಸಕ್ಕೆ ಅವಳು ಯಾವಾಗಲೂ ನನ್ನನ್ನೇ ಕಳಿಸುವುದು.

"ಏನಣ್ಣ, ನಿನ್ನ ಗಡಿಯಾರದ ಬೆನ್ನಿಗೇನು ನಾಯಿ ಬಿದ್ದಿದೆಯಾ? ಇನ್ನೂ ಟೈಮಿದೆ!"

"ನಿಂಗೇನಮ್ಮ ಗೊತ್ತು ನನ್ನ ಡ್ಯೂಟಿ?"

"ನಿನ್ನ ಡ್ಯೂಟಿ ಪ್ಯಾಂಟಿನ ಮಂಡಿ ಹರಿದಾಗ ರಫೂ ಮಾಡಿದ್ದು ಯಾರಂತ ಗೊತ್ತು!"

ಅವನು ನಕ್ಕುಬಿಟ್ಟ. ಹಿಂದೆ ತಿರುಗಿ ನೋಡಿದರೆ ಯಜಮಾನರು ರಸ್ತೆ ದಾಟಿ ಬರುತ್ತಿದ್ದರು. ದೇವರೇ! ತೋಳಿಗೊಂದು ಹೂ, ಬೆನ್ನಿಗೆ ಎರಡು, ಹೊಟ್ಟೆಯ ನಟ್ಟನಡುವೆ ಎಲ್ಲಕ್ಕಿಂತ ದೊಡ್ಡದೊಂದು. ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಹವಾಲ್ದಾರ ಮೇಲಿಂದ ಕೆಳಗೆ ನೋಡಿ, "ಬಿಳಿ ಅಂತೂ ಅಲ್ಲ," ಎಂದು ದಾರಿ ಬಿಟ್ಟ.

ಕಾಯುವುದು ನನಗೆ ಆಗದ ಕೆಲಸ. ಯಜಮಾನರ ಬಿಳಿ ಅಂಗಿಯನ್ನೇ ಮತ್ತೆ ಮತ್ತೆ ಇಸ್ತ್ರಿ ಮಾಡಿದೆ. ಆ ಮನುಷ್ಯ ಭೇಟಿ ಕೋಣೆಯ ಗಾಜಿನ ಮುಂದೆ ಬಾಯಿ ಬಿಗಿದು ಕೂತು ಎದ್ದು ಬಂದರೆ, ಅಪ್ಪ ಮಗನ ಕಥೆ ಅಲ್ಲಿಗೆ ಮುಗಿಯಿತು. ಅಕ್ಕ ಚೂರು ಬಟ್ಟೆ ಗುಡಿಸುತ್ತಿದ್ದಳು, ಕಣ್ಣೆಲ್ಲ ಗೇಟಿನ ಕಡೆಗೇ.

ಕೊನೆಗೆ ಅವರು ಬಂದರು. ಕಣ್ಣು ಕೆಂಪಗಿತ್ತು. ಸ್ಟೂಲಿನ ಮೇಲೆ ಕುಸಿದು ಕೂತರು, ಹೆಗಲು ಕುಲುಕುತ್ತಿತ್ತು. ಅಳುತ್ತಿದ್ದಾರೆಂದು ನಾನು ನೀರು ತಂದೆ. ನೋಡಿದರೆ ನಗುತ್ತಿದ್ದರು.

"ನನ್ನ ನೋಡಿ ನಕ್ಕುಬಿಟ್ಟ, ತಾಯಿ. ಮೊದಲು ತಲೆ ಬಗ್ಗಿಸಿಕೊಂಡೇ ಬಂದ. ಮುಖ ಎತ್ತಿದವನೇ, 'ಅಪ್ಪಾ, ಇದೇನು ವೇಷ!' ಅಂದ. ನಂಗೂ ತಡೆಯೋಕಾಗಲಿಲ್ಲ. ಬಯ್ಯೋಕೆ ಅಂತ ಏನೇನೋ ಕಟ್ಕೊಂಡು ಹೋಗಿದ್ದೆ, ಒಂದೂ ಬಾಯಿಗೆ ಬರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಸುಮ್ನೆ ಹೇಳ್ತಾರಾ! ಇಬ್ಬರೂ ನಕ್ವಿ. ಆಮೇಲೆ ಇಬ್ಬರೂ ಅತ್ವಿ."

ನಾನು ಬಿಳಿ ಅಂಗಿ ಮುಂದೆ ಚಾಚಿ, "ತಗೊಳ್ಳಿ. ಆ ಅಂಗಿ ಬಿಚ್ಚಿಕೊಟ್ಟುಬಿಡಿ, ಹೊಲಿಗೆ ಬಿಚ್ಚಿ ಮತ್ತೆ ಪರದೆ ಮಾಡ್ಬೇಕು," ಎಂದು ಗದರಿದೆ.

ಯಜಮಾನರು ಹೊಟ್ಟೆಯ ಮೇಲಿನ ಹೂವನ್ನು ಎರಡೂ ಕೈಯಿಂದ ಮುಚ್ಚಿಕೊಂಡರು.

"ಅದನ್ನೇ ಕೇಳ್ದೆನಮ್ಮ ಅವನ್ನ. ಹೊರಡೋ ಹೊತ್ತಿಗೆ ಇನ್ನೇನೂ ಪ್ರಶ್ನೆ ಹೊಳೀಲಿಲ್ಲ. ಈ ಅಂಗಿ ವಾಪಸ್ ಕೊಡಲೋ, ಇಟ್ಕೊಳ್ಳಲೋ ಅಂದೆ. 'ಇಟ್ಕೋ ಅಪ್ಪ, ಆ ಜೈಲಿಗೂ ಇದನ್ನೇ ಹಾಕ್ಕೊಂಡು ಬಾ' ಅಂದ."

ಅಂಗಡಿಯ ನಿಯಮ ನನಗೆ ಗೊತ್ತಿಲ್ಲವೇ? ಒಳಗಿನಿಂದ ಬಂದ ಮಾತು ನಡೆಯಲೇಬೇಕು. ನಾನು ಬಿಳಿ ಅಂಗಿಯನ್ನು ಮಡಚಿ ಅವರ ಕೈಗಿಟ್ಟೆ. ಯಜಮಾನರು ಹೊರಡಲು ಎದ್ದರು.

"ನಿಲ್ಲಿ, ನಿಲ್ಲಿ," ಎಂದಳು ನಮ್ಮಕ್ಕ, ಸೂಜಿಗೆ ದಾರ ಪೋಣಿಸುತ್ತಾ. "ಅದನ್ನ ಬಿಚ್ಚಿ ಇಲ್ಲಿ ಕೊಡಿ. ಒಂದೇ ಸಲ ಅಂದಿದ್ರಲ್ಲ, ಅದಕ್ಕೆ ಬರೀ ಕಚ್ಚಾ ಹೊಲಿಗೆ ಹಾಕಿದ್ದೆ. ಈಗ ಗಟ್ಟಿ ಹೊಲಿಗೆ ಹಾಕಿಕೊಡ್ತೀನಿ."