ಚಿಲಕದಕ್ಕ ತೆಗೆದ ಅನುಮತಿ

ಆಫೀಸಿನಲ್ಲಿ ಅವಳಿಗೆ ಚಿಲಕದಕ್ಕ ಎಂದೇ ಹೆಸರು. ಟೈಪಿಸ್ಟ್ ಆಗಿ ಸೇರಿದವಳು, ಕಂಪ್ಯೂಟರ್ ಬಂದಮೇಲೆ ಪಕ್ಕದ ಕುರ್ಚಿಯವರನ್ನು ನೋಡಿ ನೋಡಿಯೇ ಕೋಡ್ ಬರೆಯುವುದನ್ನು ಕಲಿತಳು. ಅಂಗಡಿಗಳ ತೂಕದ ಯಂತ್ರ ನಡೆಸುವ ಕೋಡ್ ಅವರದು. ಬರೆದದ್ದನ್ನೆಲ್ಲ ರೆಪಾಸಿಟರಿಗಳಲ್ಲಿ ಇಡುತ್ತಿದ್ದರು; ಉಗ್ರಾಣ ಅನ್ನಿ. ಕೆಲಸ ಹಗುರವಾಗಲಿ ಎಂದು ಜೊತೆಯವರು ಹೊರಗಿನ ಆ್ಯಪ್‌ಗಳಿಗೆ ಒಳಗೆ ಬರಲು ಅನುಮತಿ ಕೊಡುತ್ತಿದ್ದರು. ಕೊಟ್ಟವರು ಮರೆಯುತ್ತಿದ್ದರು, ಬಂದದ್ದು ಅಲ್ಲೇ ಬೇರೂರುತ್ತಿತ್ತು.

ತಿಂಗಳ ಮೊದಲ ಸೋಮವಾರ ಚಿಲಕದಕ್ಕ ಆ್ಯಪ್‌ಗಳ ಪಟ್ಟಿ ತೆರೆದು ಒಂದೊಂದಕ್ಕೂ ಕೂಗುವಳು: "ಇದು ಯಾರ ಕಡೆ ನೆಂಟ್ರಪ್ಪಾ?" ಮೂರು ಸಲ ಕೂಗಿಯೂ ಯಾರೂ ಕೈ ಎತ್ತದಿದ್ದರೆ ಅನುಮತಿ ಕಿತ್ತುಹಾಕುವಳು.

ಆ ಸೋಮವಾರವೂ ಒಂದನ್ನು ಹಾಗೆಯೇ ಕಿತ್ತಳು. ಅದನ್ನು ಸೇರಿಸಿದ್ದ ಉದ್ದಣ್ಣ ಹೆಂಡತಿಯ ಹೆರಿಗೆಗೆಂದು ರಜೆಯಲ್ಲಿದ್ದ. ಮೂರಲ್ಲ, ಮುನ್ನೂರು ಸಲ ಕೂಗಿದ್ದರೂ ಆಸ್ಪತ್ರೆಗೆ ಕೇಳಿಸುತ್ತಿರಲಿಲ್ಲ. ತಿದ್ದಿದ ಕೋಡನ್ನು ಅಂಗಡಿಗಳಿಗೆ ಕಳಿಸುತ್ತಿದ್ದುದು ಅದೇ ಆ್ಯಪ್. ಗುರುವಾರ ಫೋನ್ ಮೇಲೆ ಫೋನ್: ತಿದ್ದಿದ್ದು ಬಂದಿಲ್ಲ, ಯಂತ್ರ ಇನ್ನೂ ತಪ್ಪು ತೂಗುತ್ತಿದೆ.

ಯಜಮಾನರು ಕೆಂಡವಾದರು. "ಆ್ಯಪ್ ಇದ್ದಿದ್ದು ಉದ್ದಣ್ಣನ ಹೆಸರಲ್ಲಿ. ಅದರ ವಿಷಯ ಯಾರಿಗೂ ಹೇಳ್ದೆ ರಜಾ ಹಾಕಿ ಹೋಗಿದಾನೆ. ಇಂಥವನನ್ನ ಖಾಯಂ ಮಾಡ್ಬೇಕಾ?" ಅವನನ್ನು ಖಾಯಂ ಮಾಡುವ ಕಾಗದ ಸಹಿಗೆಂದು ಮೇಜಿನ ಮೇಲೆ ಬಂದು ಕೂತಿತ್ತು.

ಚಿಲಕದಕ್ಕ ಮೇಜಿನ ಹತ್ತಿರ ಬಂದಳು.

"ತೆಗೆದಿದ್ದು ನಾನು ಸಾರ್. ಅವನಿಗೊಂದು ಫೋನ್ ಮಾಡಿ ಕೇಳ್ಬೇಕಿತ್ತು."

"ಮೂರು ಸಲ ಕೂಗಿದ್ರಲ್ಲಮ್ಮ, ನನ್ನ ಕಿವೀನೇ ತೂತಾಯ್ತು."

"ಇದ್ದವರಿಗೆ ಕೂಗ್ದೆ. ಇಲ್ಲದವನಿಗೆ ಕೂಗ್ಲಿಲ್ಲ."

"ಹಾಗಾದ್ರೆ ಎಚ್ಚರಿಕೆ ಪತ್ರ ನಿಮ್ಮ ಹೆಸರಿಗೆ ಕೊಡ್ಬೇಕಾಗತ್ತೆ."

"ಕೊಡಿ. ಟೈಪ್ ಮಾಡೋಕೆ ನಾನೇ ಇದೀನಲ್ಲ."

ಯಜಮಾನರಿಗೆ ನಗು ಬಂತು. ಆದರೆ ಪತ್ರ ಬೇಡ ಎನ್ನಲಿಲ್ಲ.

ಅವಳು ಹೊರಗೆ ಬಂದು ಉದ್ದಣ್ಣನಿಗೆ ಫೋನ್ ಮಾಡಿದಳು.

"ಏನ್ ಮಗು?"

"ಹೆಣ್ಣು ಅಕ್ಕ. ನಿಮ್ಮ ಹಾಗೇ ಗಂಟಲು."

"ಸದ್ಯ, ಬದುಕ್ಕೊಳ್ತಾಳೆ. ಈಗ ಹೇಳು, ನಿನ್ನ ಆ್ಯಪ್‌ಗೆ ಎಷ್ಟು ಬಾಗಿಲು ಬೇಕು?"

ತೂಕದ ಯಂತ್ರದ್ದೊಂದು ಸಾಕೆಂದ ಅವನು. ಮತ್ತೆ ಸೇರಿಸುವಾಗ ಆ್ಯಪ್ ಎಲ್ಲ ರೆಪಾಸಿಟರಿಗಳನ್ನೂ ನೋಡಬೇಕೆಂದು ಕೇಳಿತು. ಅವಳು ತೂಕದ ಯಂತ್ರದ್ದೊಂದನ್ನೇ ಕೊಟ್ಟಳು, ಅದೂ ಉದ್ದಣ್ಣನ ಹೆಸರಿನಲ್ಲಲ್ಲ, ಆಫೀಸಿನ ಹೆಸರಿನಲ್ಲಿ. ಸಂಜೆಯೊಳಗೆ ಅಂಗಡಿಯವರ ಫೋನ್ ನಿಂತವು.

ಯಜಮಾನರು ಖಾಯಂ ಕಾಗದಕ್ಕೂ ಅವಳೇ ಟೈಪ್ ಮಾಡಿದ ಎಚ್ಚರಿಕೆ ಪತ್ರಕ್ಕೂ ಸಹಿ ಹಾಕಿದರು. ಚಿಲಕದಕ್ಕ ಉದ್ದಣ್ಣನದನ್ನು ಅವನ ಫೈಲಿಗೂ ತನ್ನದನ್ನು ತನ್ನ ಫೈಲಿಗೂ ಸೇರಿಸಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದಳು.