ವಾಪಸು ಬಂದ ಆಯಾರ

ಕೋಠಿ ಬಜಾರಿನ ನನ್ನ ಕಟ್‌ಪೀಸ್ ಅಂಗಡಿಗೆ ಬಂದು ಮಲ್‌ಮಲ್ ಬಟ್ಟೆಯನ್ನು ಮೊಸರು ಸೋಸಲು ಕೇಳುವವರಿದ್ದಾರೆ, ದೇವರ ಪಟ ಒರೆಸಲು ಕೇಳುವವರಿದ್ದಾರೆ. ಮಗಳ ಕೈಗೆ ಚೀಲ ಹೊಲಿಯಲು ಕೇಳಿದವಳು ಬಂಡೆಮ್ಮ ಒಬ್ಬಳೇ. ಕಿರಿಮಗಳು ಸುವರ್ಣಾ ನಿದ್ದೆಯಲ್ಲೂ ಮೈ ಪರಚಿಕೊಳ್ಳುತ್ತಿದ್ದಳು.

ಬಂಡೆಮ್ಮ ಯಾದಗಿರಿ ಕಡೆಯವಳು, ಇಲ್ಲಿಗೆ ದುಡಿಯಲು ಬಂದು ಕಟ್ಟಡಗಳಲ್ಲಿ ಮರಳು ಹೊರುವವಳು. ಗಂಡ ಬೂದೆಪ್ಪ ಅವಳ ಸೋದರಮಾವನೇ. ನಮ್ಮ ಜನ ಒಂದು ರವಿಕೆ ಬಟ್ಟೆಗೆ ಬಜಾರೆಲ್ಲ ಸುತ್ತುತ್ತಾರೆ. ಸಂಬಂಧಕ್ಕೆ ಮಾತ್ರ ಹಿತ್ತಿಲು ದಾಟುವುದಿಲ್ಲ.

ಸುವರ್ಣಾಳ ಕಣ್ಣು ಹಳದಿಯಾದಾಗ ಮನೆಯವರು ಕಾಮಾಲೆಯೆಂದು ಎಣ್ಣೆ, ತುಪ್ಪ, ಹಾಲು ಬಿಡಿಸಿ ಪಥ್ಯಕ್ಕೆ ಕೂರಿಸಿದರು. ಮಗು ಕಡ್ಡಿಯಾಯಿತು. ಕೊನೆಗೆ ಡಾಕ್ಟರಮ್ಮ ರಕ್ತ ನೋಡಿಸಿ ಹೇಳಿದ್ದು ಬೇರೆ: ಎಟಿಪಿ8ಬಿ1 ಎಂಬ ವಂಶವಾಹಿ ಕೆಟ್ಟಿದೆ. ಜೀವಕೋಶದ ಪೊರೆ ಎರಡು ಪದರ ಕೊಬ್ಬಿನದು. ಹೊರಪದರದ ಕೊಬ್ಬನ್ನು ಒಳಪದರಕ್ಕೆ ಎತ್ತಿ ಹಾಕುವ ಕಿಣ್ವ ಆ ವಂಶವಾಹಿಯಿಂದ ಹುಟ್ಟಬೇಕು. ಅದು ಕೆಟ್ಟರೆ ಪಿತ್ತ ಸರಿಯಾಗಿ ಇಳಿಯದು, ಮೈಯೆಲ್ಲ ತುರಿಕೆ, ತಿಂದ ಎಣ್ಣೆಯೂ ಮೈಗೆ ಹತ್ತದು. ಸುಲಭವಾಗಿ ಜೀರ್ಣವಾಗುವ ಬೇರೆ ಎಣ್ಣೆ ಕೊಡಬೇಕಿದ್ದ ಮಗುವಿನಿಂದ ಇವರು ಇದ್ದುದನ್ನೂ ಕಿತ್ತುಕೊಂಡಿದ್ದರು.

"ಒಳಗಿನ ಹಮಾಲ ಕೆಲಸಕ್ಕ ಬಂದಿಲ್ಲ ಅನ್ರಿ ಸಾವ್ಕಾರ್ರೆ," ಎಂದಳು ಬಂಡೆಮ್ಮ, ನನಗೆ ಇದನ್ನೆಲ್ಲ ಹೇಳಿ.

ಆ ವಂಶವಾಹಿಯ ಒಂದೊಂದು ಕೆಟ್ಟ ಪ್ರತಿ ತಂದೆ ತಾಯಿ ಇಬ್ಬರಿಂದಲೂ ಬಂದಿತ್ತು. ಬೂದೆಪ್ಪ ಅರ್ಧ ಮಾತು ಕೇಳಿಸಿಕೊಂಡು, "ನಿನ್ನ ರಕ್ತದ್ದs" ಎಂದು ಎದ್ದು ಹೋಗಿದ್ದ.

ಹಿರಿಮಗಳು ಶೋಭಾ ಗಟ್ಟಿಮುಟ್ಟು. ಆದರೆ ಒಂದು ಕೆಟ್ಟ ಪ್ರತಿ ಅವಳಲ್ಲೂ ಇದೆ. ಕಟ್ಟಿಕೊಳ್ಳುವವನಲ್ಲೂ ಇದ್ದರೆ ಹುಟ್ಟುವ ಮಗುವಿಗೆ ಇದೇ ಗತಿ ಆಗಬಹುದು. ಆ ಹೊತ್ತಿಗೇ ಬಂಡೆಮ್ಮನ ಅಣ್ಣ ಮೌನಪ್ಪ ಕಾಚಿಗೂಡದಲ್ಲಿ ರೈಲಿಳಿದ, ತನ್ನ ಮಗನಿಗೆ ಶೋಭಾಳನ್ನು ಮಾಡಿಕೊಳ್ಳಲು. ಕೇಳುವುದೇನು, ಕೊಟ್ಟೇ ಬಿಟ್ಟರೆಂದು ತಂಗಿಯನ್ನು ಕರೆದುಕೊಂಡು ಸೀರೆ ತೆಗೆಯಲು ನನ್ನಲ್ಲಿಗೆ ಬಂದ.

"ಹಸರ ಸೀರಿ ತೋರಸ್ರಿ."

"ತೋರಸಬ್ಯಾಡ್ರಿ," ಎಂದಳು ಬಂಡೆಮ್ಮ. "ಅಣ್ಣಾ, ಮೊದಲ ನಿನ್ನ ಮಗನ ರಕ್ತ ನೋಡಸು. ಚಲೋ ಇದ್ರ ನಾನs ಕೊಡ್ತೀನಿ."

"ಎತ್ತಿನ ಹಲ್ಲು ನೋಡ್ದಂಗ ನನ್ನ ಮಗನ್ನ ನೋಡ್ತೀ ಏನ?"

"ಎತ್ತಿಗೆ ನೋಡ್ತಿ, ಮೊಮ್ಮಗೀಗೆ ಬ್ಯಾಡೇನು? ಬಾ, ಸುವರ್ಣಾನ ಮೈ ಒಮ್ಮೆ ನೋಡಿ ಹೋಗು."

"ಹೆಣ್ಣು ಕೊಡ್ದಿದ್ರ ನಿನಗ ತವರು ಇಲ್ಲ ಅನ್ಕೋ."

ಅವನು ನೋಡಲು ಹೋಗಲಿಲ್ಲ. ಬಂದ ದಾರಿ ಹಿಡಿದು ಸ್ಟೇಷನ್ನಿಗೆ ಹೋದ.

ಮಗನ ಮದುವೆ ಬೇರೆ ಕಡೆ ಮಾಡಿದ. ತಂಗಿಗೆ ಕರೆ ಬರಲಿಲ್ಲ. ಸೋದರತ್ತೆಯಾಗಿ ಮದುವೆಯ ಉಡುಗೊರೆ, ಆಯಾರ, ಮಾಡದಿದ್ದರೆ ಹೇಗೆಂದು ಬಂಡೆಮ್ಮ ವರನಿಗೆ ನನ್ನಲ್ಲೇ ಜರಿಯಂಚಿನ ಧೋತರ ಆರಿಸಿ, ಊರಿಗೆ ಹೊರಟವರ ಕೈಯಲ್ಲಿ ಕಳಿಸಿದಳು. ಕಟ್ಟಿದ ದಾರ ಬಿಚ್ಚದೆ ಅದು ವಾಪಸು ಬಂತು.

ಅದನ್ನು ಹಿಡಿದು ಅಂಗಡಿಗೆ ಬಂದಳು.

"ಮಡಿಕಿ ಕೆಟ್ಟಿಲ್ಲ, ನಾ ವಾಪಸ್ ತಗೋತೀನಿ ಬಿಡವ್ವಾ," ಎಂದೆ. ಈ ಮಾತು ನನ್ನ ಬಾಯಲ್ಲಿ ಅಪರೂಪ.

"ಬ್ಯಾಡ್ರಿ. ಭಾಳ ಮೆತ್ತಗ ಐತಿ. ಕತ್ತರಿಸಿ ಕೊಡ್ರಿ, ಸುವರ್ಣಾನ ಕೈಗೆ ಚೀಲ ಆಕ್ಕೈತಿ."

ಕತ್ತರಿ ತೆಗೆದೆ. ಮೊದಲು ಜರಿಯಂಚು ಬೇರೆ ಮಾಡಿಸಿದಳು, ಮಗುವಿಗೆ ಚುಚ್ಚುತ್ತದಂತೆ.